ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ ಮೇಡಂ

ತುಮಕೂರಿನ ಪದವಿ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಆಪ್ತಸಮಾಲೋಚನೆಯ ಕೆಲಸವೂ ನನ್ನದೇ. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಗುಬ್ಬಿ, ಕೊರಟಗೆರೆ, ಸಿರಾ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು. ದಾರಿಯಲ್ಲೋ ಬಸ್ಸಿನಲ್ಲೋ ಯಾರೋ ಮೈಗೆ ಕೈ ಹಾಕಿದ್ದಕ್ಕೆ, ಹಿಂಬಾಲಿಸಿದ್ದಕ್ಕೆ, ಕೇಳಬಾರದ್ದು ಕೇಳಿಸಿಕೊಂಡಿದ್ದಕ್ಕೆ ನನ್ನ ಹತ್ತಿರ ಬಂದು ಕೂತವಳು ಮೊದಲು ಆಡುವ ಮಾತು ಆ ಗಂಡಸಿನ ಬಗ್ಗೆ ಇರುವುದೇ ಇಲ್ಲ. "ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ ಮೇಡಂ. ಯಾರ್ಗೂ ಹೇಳ್ಬೇಡಿ." ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿಯ, ಬಡವರ ಮನೆಯ, ಅನುಕೂಲಸ್ಥರ ಮನೆಯ ಹುಡುಗಿಯರ ಬಾಯಲ್ಲಿ ಹೆಚ್ಚುಕಡಿಮೆ ಇದೇ ಮಾತು.

ಕಾಟ ಕೊಟ್ಟವನು ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗಿರುತ್ತಾನೆ. ಅವಳ ಓದು, ಓಡಾಟ, ಊಟ, ನಿದ್ದೆ ಕುಗ್ಗುತ್ತಾ ಹೋಗುವುದು ಅದಾದ ಮೇಲೆ. ಆ ಕುಗ್ಗುವಿಕೆಯಲ್ಲಿ ಮನೆಯವರದ್ದು, ಮೇಷ್ಟ್ರುಗಳದ್ದು, ಬಸ್ಸಿನಲ್ಲಿ ನೋಡಿಯೂ ಕಿಟಕಿ ಕಡೆ ಮುಖ ತಿರುಗಿಸಿದವರದ್ದು ದೊಡ್ಡ ಪಾಲಿದೆ. ನನ್ನ ಕೆಲಸ ನಡೆಯುವುದು ಆ ಪಾಲಿನ ಮೇಲೆ.

ಹುಡುಗಿಯರು ನೇರವಾಗಿ ಬಂದು ಹೇಳುವುದು ಅಪರೂಪ. ನನಗೆ ಮೊದಲು ಸುಳಿವು ಕೊಡುವುದು ಹಾಜರಿ ಪುಸ್ತಕ. ಚೆನ್ನಾಗಿ ಓದುವ ಹುಡುಗಿ ಇದ್ದಕ್ಕಿದ್ದಂತೆ ಮೊದಲನೇ ಪೀರಿಯಡ್ಡಿಗೆ ಬರುವುದಿಲ್ಲ, ಅಥವಾ ಮಧ್ಯಾಹ್ನವೇ ಹೊರಟು ಬಿಡುತ್ತಾಳೆ. ಕೇಳಿದರೆ ತಲೆನೋವು, ಹೊಟ್ಟೆನೋವು. ಕೆದಕಿದರೆ, ತನ್ನ ಊರಿಗಿರುವ ಬಸ್ಸು ಬಿಟ್ಟು ಎರಡು ಬಸ್ಸು ಬದಲಾಯಿಸಿ ಸುತ್ತಿಕೊಂಡು ಬರುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಸೆಖೆಯಲ್ಲೂ ಸ್ವೆಟರ್ ಹಾಕಿಕೊಂಡಿರುತ್ತಾಳೆ. ವೇಲಿಗೆ ಒಂದರ ಬದಲು ನಾಲ್ಕು ಪಿನ್ನು ಚುಚ್ಚಿಕೊಂಡಿರುತ್ತಾಳೆ. ಇನ್ನೊಂದು ಪಿನ್ನು ಬ್ಯಾಗಿನ ಹೊರಗಿನ ಜಿಪ್ಪಿನಲ್ಲಿರುತ್ತದೆ, ಅದು ಯಾವುದಕ್ಕೆ ಎಂದು ಬಸ್ಸಿನಲ್ಲಿ ಓಡಾಡಿದ ಯಾವ ಹೆಂಗಸಿಗೂ ಹೇಳಬೇಕಾಗಿಲ್ಲ.

ಕೂತ ತಕ್ಷಣ ನಾನು "ಏನಾಯ್ತು?" ಎಂದು ಕೇಳುವುದಿಲ್ಲ. ಮೊದಲು ಗುಟ್ಟಿನ ಮಿತಿ ಹೇಳುತ್ತೇನೆ. ಹದಿನೆಂಟು ತುಂಬಿದ್ದರೆ ಅವಳ ಒಪ್ಪಿಗೆಯಿಲ್ಲದೆ ನಾನು ಯಾರಿಗೂ ಹೇಳುವುದಿಲ್ಲ. ತುಂಬಿಲ್ಲದಿದ್ದರೆ, ಲೈಂಗಿಕ ದೌರ್ಜನ್ಯ ನನ್ನ ಗಮನಕ್ಕೆ ಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮೊದಲ ವರ್ಷದವರಲ್ಲಿ ಹದಿನೇಳರ ಹುಡುಗಿಯರಿರುತ್ತಾರೆ. ಬಾಯಿ ಬಿಟ್ಟ ಮೇಲೆ ಇದನ್ನು ಹೇಳಿದರೆ ಅದು ನಂಬಿಕೆದ್ರೋಹ, ಆದ್ದರಿಂದ ಮೊದಲೇ ಹೇಳುತ್ತೇನೆ. ಇದರಿಂದ ಕೆಲವರು ಸುಮ್ಮನೆ ಎದ್ದು ಹೋಗಿದ್ದೂ ಉಂಟು. ಹೋಗುವವರಿಗೆ ಮಕ್ಕಳ ಸಹಾಯವಾಣಿ 1098 ಬರೆದು ಕೊಟ್ಟು, ನನ್ನ ಬಾಗಿಲು ತೆರೆದೇ ಇರುತ್ತದೆ ಎನ್ನುತ್ತೇನೆ. ಹೋದವರಲ್ಲಿ ಕೆಲವರು ಅಮ್ಮನನ್ನೋ ಚಿಕ್ಕಮ್ಮನನ್ನೋ ಕರೆದುಕೊಂಡು ತಿರುಗಿ ಬಂದಿದ್ದಾರೆ.

ಆಮೇಲೆ ಕೇಳುವುದು ಊಟದ ಬಗ್ಗೆ, ನಿದ್ದೆಯ ಬಗ್ಗೆ. "ಬೆಳಿಗ್ಗೆ ಏನ್ ತಿಂದೆ? ರಾತ್ರಿ ಎಷ್ಟೊತ್ತಿಗೆ ಮಲಗ್ದೆ?" ಮೈಯಲ್ಲಿ ಏನಾಗುತ್ತಿದೆ ಎಂದು ಹೇಳುವುದು ಅವರಿಗೆ ಸುಲಭ. ಆ ಜಾಗವನ್ನು ಎಷ್ಟು ಸಲ ತೊಳೆದರೂ ಹೋಗಲ್ಲ ಅನ್ನಿಸುತ್ತೆ ಎಂದವಳಿದ್ದಾಳೆ. ಹಿಂದೆ ಯಾರಾದರೂ ಜೋರಾಗಿ ನಡೆದು ಬಂದರೆ ಕತ್ತು ಬಿಗಿಯುತ್ತದೆ, ಅಪ್ಪ ಹೆಗಲ ಮೇಲೆ ಕೈ ಇಟ್ಟರೂ ಬೆಚ್ಚಿ ಬೀಳುತ್ತೇನೆ ಎಂದು ಅತ್ತವಳಿದ್ದಾಳೆ. ಅಪ್ಪನ ಕೈಗೆ ಬೆಚ್ಚಿದ್ದಕ್ಕೆ ಅವಳಿಗಾಗಿದ್ದ ನೋವು ಬಸ್ಸಿನಲ್ಲಿ ಆದದ್ದಕ್ಕಿಂತ ಕಡಿಮೆಯದಲ್ಲ.

ಎಲ್ಲರೂ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ. "ನಾನ್ಯಾಕೆ ಕಿರುಚಲಿಲ್ಲ ಮೇಡಂ? ಬಾಯೇ ಬರ್ಲಿಲ್ಲ. ನಂಗೆ ಇಷ್ಟ ಇತ್ತು ಅಂತ ಅನ್ಕೊಂಡಿರ್ತಾನೆ." ಇದರ ಮೇಲೆ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ. ಅಪಾಯ ಎದುರಾದಾಗ ದೇಹ ಹೋರಾಡಬಹುದು, ಓಡಬಹುದು, ಇಲ್ಲವೇ ಮರಗಟ್ಟಬಹುದು. ಮೂರರಲ್ಲಿ ಯಾವುದು ಎಂದು ಯೋಚಿಸಿ ಆರಿಸಿಕೊಳ್ಳುವಷ್ಟು ಸಮಯ ಮಿದುಳಿಗೆ ಇರುವುದಿಲ್ಲ. ಕೈಕಾಲು ಸೀಸದಂತಾಗುವುದು, ದನಿ ಗಂಟಲಲ್ಲೇ ನಿಲ್ಲುವುದು, ಇದು ತನಗಲ್ಲ ಬೇರೆ ಯಾರಿಗೋ ಆಗುತ್ತಿದೆ ಅನ್ನಿಸುವುದು ಆ ಮರಗಟ್ಟುವಿಕೆಯ ಲಕ್ಷಣಗಳು. ಅದು ಒಪ್ಪಿಗೆಯಲ್ಲ, ಹೇಡಿತನವೂ ಅಲ್ಲ. ತರಗತಿಯಲ್ಲಿ ಇದೇ ಪಾಠವನ್ನು ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡ ಹುಡುಗಿಗೂ ತನ್ನ ವಿಷಯಕ್ಕೆ ಬಂದಾಗ ಅದು ನೆನಪಾಗುವುದಿಲ್ಲ. ಎದುರಿಗೆ ಕೂತು, ಅವಳ ಮುಖ ನೋಡಿ ಹೇಳಬೇಕಾಗುತ್ತದೆ. ಒಂದೇ ಸಲಕ್ಕೆ ಒಳಗಿಳಿಯುವುದೂ ಇಲ್ಲ.

ಎರಡನೇ ಭೇಟಿಗೆ ದೊಡ್ಡ ಹಾಳೆ ಕೊಟ್ಟು ಮನೆಯಿಂದ ಕಾಲೇಜಿನವರೆಗಿನ ದಾರಿ ಬರೆಸುತ್ತೇನೆ. ಎದೆ ಬಿಗಿಯುವ ಕಡೆ ಕೆಂಪು ಗುರುತು, ಉಸಿರು ಸಲೀಸಾಗುವ ಕಡೆ ಹಸಿರು. ಹಾಗೆ ಬಂದ ಹಾಳೆಗಳನ್ನು, ಹೆಸರು ತೆಗೆದು, ಒಪ್ಪಿದವರದ್ದನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಕಣ್ಣೇ ತೆರೆಯಿತು. ಕೆಂಪಾಗಿದ್ದದ್ದು ನಿರ್ಜನ ಕತ್ತಲೆಯ ಜಾಗಗಳು ಮಾತ್ರವಲ್ಲ. ಸಂಜೆ ಜನ ಕಿಕ್ಕಿರಿದ ಬಸ್ಸಿನ ಮಧ್ಯದ ಓಣಿ, ಹತ್ತುವಾಗಿನ ಬಾಗಿಲು, ಸ್ಟಾಪಿನ ಹಿಂದಿನ ಗೂಡಂಗಡಿ, ಬಾರಿನ ಮುಂದಿನ ಫುಟ್‌ಪಾತು ಕೆಂಪಾಗಿದ್ದವು. ಹಸಿರು ಇದ್ದದ್ದು ಹೂ ಮಾರುವ ಹೆಂಗಸರು ಸಾಲಾಗಿ ಕೂರುವ ಕಡೆ, ದೀಪ ಚೆನ್ನಾಗಿರುವ ಬೇಕರಿಯ ಮುಂದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿದೆ. ನಮ್ಮಲ್ಲಿ ಓದು ಮುಂದುವರಿಸಲು ಅದರಿಂದಲೇ ಆದ ಹುಡುಗಿಯರಿದ್ದಾರೆ, ಆ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಕಾಲೇಜು ಬಿಡುವ ಹೊತ್ತಿಗೆ ಬಸ್ಸುಗಳು ಸಾಲುವುದಿಲ್ಲ. ನೂಕುನುಗ್ಗಲು ಇದ್ದ ಕಡೆ ಕೈ ಹಾಕುವವನಿಗೆ ಮರೆ ಸಿಗುತ್ತದೆ. ಹಾಳೆಗಳಿಂದ ತಿಳಿದದ್ದನ್ನು ಒಂದು ಪಟ್ಟಿ ಮಾಡಿ, ಪ್ರಾಂಶುಪಾಲರ ಸಹಿಯೊಂದಿಗೆ ಬಸ್ ಡಿಪೋಗೂ ಮಹಾನಗರ ಪಾಲಿಕೆಗೂ ಕೊಟ್ಟೆವು. ಒಂದು ಬೀದಿದೀಪ ಬಂತು. ಸಂಜೆಯ ಹೆಚ್ಚುವರಿ ಬಸ್ಸಿಗಾಗಿ ಇನ್ನೂ ಓಡಾಡುತ್ತಿದ್ದೇವೆ.

ಹೀಗೆ ದಾರಿಯ ಬಗ್ಗೆ ಹೆಂಗಸರೇ ಕೂತು ಮಾತಾಡುವ ಧೈರ್ಯ ನನಗೆ ಬಂದದ್ದು, ಬೀದಿಯಲ್ಲಿ ಹೆಂಗಸರಿಗೆ ಆಗುವ ಕಾಟದ ವಿರುದ್ಧ ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಶುರು ಮಾಡಿದ ಬ್ಲ್ಯಾಂಕ್ ನಾಯ್ಸ್ ಕೆಲಸದಿಂದ. ಕಾಟಕ್ಕೊಳಗಾದ ದಿನ ತಾವು ಹಾಕಿಕೊಂಡಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಅವರು ಹೆಂಗಸರನ್ನು ಕೇಳಿದರು. ನಮ್ಮ ಹುಡುಗಿಯರಿಗೆ ಇದನ್ನು ಹೇಳಿ, ಬಟ್ಟೆ ತರಿಸದೆ, ಆ ದಿನ ಏನು ಹಾಕಿದ್ದಿರಿ ಎಂದು ಚೀಟಿಯಲ್ಲಿ ಬರೆಸಿದೆ. ಶಾಲೆಯ ಸಮವಸ್ತ್ರ, ಅಜ್ಜಿಯ ತಿಥಿಗೆ ಉಟ್ಟ ಸೀರೆ, ಬುರ್ಖಾ, ಕಾಲೇಜಿನ ಚೂಡಿದಾರ. ಚೀಟಿಗಳನ್ನು ಓದಿ ಹೇಳಿದ ಮೇಲೆ, ಹಾಕಿದ ಬಟ್ಟೆಯೇ ಕಾಟಕ್ಕೆ ಕಾರಣ ಎನ್ನುವ ಮಾತು ಆ ಕೋಣೆಯಲ್ಲಿ ಮತ್ತೆ ಏಳಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮನೆಯವರ ಜೊತೆಗಿನ ಮಾತು. ಹುಡುಗಿ ಒಪ್ಪಿದರೆ ಮಾತ್ರ ಕರೆಸುತ್ತೇನೆ, ಮೊದಲು ಯಾರನ್ನು ಕರೆಸಬೇಕು ಎಂದು ಅವಳೇ ಹೇಳಬೇಕು. ಒಬ್ಬಳು ತನ್ನ ಸೋದರತ್ತೆಯನ್ನು ಕರೆಸಿ ಎಂದಳು, ಆ ಅತ್ತೆಯಿಂದಲೇ ಕೆಲಸ ಆಯಿತು. ಅಮ್ಮಂದಿರು ಬಂದರೆ ಮೊದಲು ಬೈಯುತ್ತಾರೆ. "ಹಿಂದ್ಗಡೆ ಯಾಕ್ ನಿಂತ್ಕೊಂಡೆ, ಮುಂದೆ ಹೋಗಕ್ಕಾಗಲ್ವಾ?" ನಾನು ತಡೆಯುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು, "ಅಮ್ಮ, ನಿಮ್ಗೆ ಇಂಥದ್ದು ಯಾವತ್ತಾದ್ರೂ ಆಗಿತ್ತಾ?" ಎಂದು ಕೇಳುತ್ತೇನೆ. ಬಹಳಷ್ಟು ಸಲ ಬೈಗುಳ ಅಲ್ಲಿಗೇ ನಿಲ್ಲುತ್ತದೆ. ಜಾತ್ರೆಯಲ್ಲಿ, ಸಂತೆಯಲ್ಲಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಟೆಂಪೋದಲ್ಲಿ ಆದದ್ದನ್ನು ಅವರು ಮಗಳ ಮುಂದೆ ಮೊದಲ ಬಾರಿಗೆ ಹೇಳುತ್ತಾರೆ. ಇಬ್ಬರೂ ಅಳುತ್ತಾರೆ. ಹತ್ತು ಭೇಟಿಗಳಲ್ಲಿ ನಾನು ಮಾಡಲಾಗದ್ದನ್ನು ಆ ಅರ್ಧ ಗಂಟೆ ಮಾಡುತ್ತದೆ.

ಅಪ್ಪಂದಿರು ಬೇರೆ. ಅವರು ಕೇಳುವುದು "ಅವ್ನು ಯಾರು ಹೇಳಿ, ಕೈಕಾಲು ಮುರೀತೀನಿ" ಎಂದು, ಇಲ್ಲವಾದರೆ "ಸಾಕು ಬಿಡಿ ಮೇಡಂ ಓದಿದ್ದು" ಎಂದು. ಎರಡರ ಹಿಂದೆಯೂ ಇರುವುದು ಹೆದರಿಕೆ. ಹಾಗಾಗಿ ಅವರಿಗೆ ಮಾಡಲು ಏನಾದರೂ ಒಂದು ಕೆಲಸ ಕೊಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. "ಅಣ್ಣಾ, ಒಂದು ವಾರ ಸ್ಟಾಪಿನವರೆಗೆ ಬಿಡಿ. ಆಮೇಲೆ ಅವಳು ಬೇಡ ಅಂದ ದಿನ ನಿಲ್ಲಿಸಿ. ದಾರಿ ತುಂಬ ಪ್ರಶ್ನೆ ಕೇಳ್ಬೇಡಿ. ನೀನೇನೂ ತಪ್ಪು ಮಾಡಿಲ್ಲ ಮಗಳೇ ಅಂತ ಒಂದ್ಸಲ ಬಾಯ್ಬಿಟ್ಟು ಹೇಳಿ." ಈ ಕೊನೆಯ ಮಾತನ್ನು ಹೇಳಲು ಬಹಳ ಅಪ್ಪಂದಿರಿಗೆ ನಾಲಿಗೆ ಹೊರಳುವುದಿಲ್ಲ. ಹೇಳಿದ ಮನೆಯ ಹುಡುಗಿ ಬೇಗ ಚೇತರಿಸಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊಬೈಲ್ ಕಿತ್ತುಕೊಂಡ, ಗಂಡು ನೋಡಲು ಶುರು ಮಾಡಿದ ಮನೆಗಳನ್ನೂ ನೋಡಿದ್ದೇನೆ. ಅಲ್ಲಿಂದ ಹುಡುಗಿಯನ್ನು ಮತ್ತೆ ತರಗತಿಗೆ ಕರೆತರಲು ಆಗದೇ ಹೋದದ್ದೂ ಇದೆ, ಆ ಸಂಕಟ ನನ್ನಿಂದ ಇಳಿದಿಲ್ಲ.

ದೂರು ಕೊಡಬೇಕೋ ಬೇಡವೋ ಎನ್ನುವುದು, ಹದಿನೆಂಟು ತುಂಬಿದವಳಾದರೆ, ಅವಳದೇ ತೀರ್ಮಾನ. ಕೊಡುತ್ತೇನೆ ಎಂದರೆ ಜೊತೆಯಲ್ಲಿ ಹೋಗುತ್ತೇನೆ. ಹೋಗುವ ಮುಂಚೆ ಒಂದು ಪುಟ ಬರೆಸಿಕೊಳ್ಳುತ್ತೇವೆ: ದಿನ, ಹೊತ್ತು, ಎಲ್ಲಿ ಹತ್ತಿದಳು, ಅವನು ಏನು ಮಾಡಿದ, ಏನು ಬಟ್ಟೆ ಹಾಕಿದ್ದ, ಯಾರು ನೋಡಿದರು. ಶಕ್ತಿಯ ಶೂನ್ಯ ದರದ ಟಿಕೆಟ್ಟನ್ನು ಎಸೆಯಬೇಡಿ ಎಂದು ಎಲ್ಲ ಹುಡುಗಿಯರಿಗೂ ಹೇಳಿಟ್ಟಿದ್ದೇನೆ, ಅದರಲ್ಲಿ ದಿನಾಂಕ, ಸಮಯ, ಎಲ್ಲಿಂದ ಎಲ್ಲಿಗೆ ಎನ್ನುವುದು ಅಚ್ಚಾಗಿರುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಮೈಮೇಲೆ ಕೈ ಹಾಕಿದ್ದಕ್ಕೆ 74 ಮತ್ತು 75ನೇ ಕಲಂ, ಹಿಂಬಾಲಿಸಿದ್ದಕ್ಕೆ 78, ಮಾತು ಸನ್ನೆಗಳಿಂದ ಮಾನಕ್ಕೆ ಕುಂದು ತಂದಿದ್ದಕ್ಕೆ 79. 74ರಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಶಿಕ್ಷೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ಆಗಿರಲಿ, ಹತ್ತಿರದ ಠಾಣೆಯಲ್ಲಿ ಝೀರೋ ಎಫ್‌ಐಆರ್ ಮಾಡಿಸಬಹುದು. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಒಂದು ಠಾಣೆಯಲ್ಲಿ "ಅಷ್ಟು ಹೊತ್ನಲ್ಲಿ ಅಲ್ಲಿ ಏನ್ ಕೆಲ್ಸ ಇತ್ತಮ್ಮಾ?" ಎಂದರು. "ಕಾಲೇಜು ಮುಗಿಸಿ ಮನೆಗೆ ಹೋಗೋ ಕೆಲ್ಸ ಸಾರ್" ಎಂದಳು ಆ ಹುಡುಗಿ, ನಾನು ಬಾಯಿ ತೆಗೆಯುವ ಮುಂಚೆಯೇ. ದೂರು ದಾಖಲಾಯಿತು.

ಮತ್ತೆ ಆ ಬಸ್ಸು ಹತ್ತಿಸುವುದನ್ನು ನಿಧಾನವಾಗಿ ಮಾಡುತ್ತೇನೆ. ಮೊದಲು ಗೆಳತಿಯ ಜೊತೆ ಸುಮ್ಮನೆ ಸ್ಟಾಪಿನಲ್ಲಿ ನಿಂತು ಬರುವುದು. ಆಮೇಲೆ ಜನ ಕಡಿಮೆ ಇರುವ ಹೊತ್ತಿನಲ್ಲಿ ಎರಡು ಸ್ಟಾಪು. ಆಮೇಲೆ ಪೂರ್ತಿ ದಾರಿ, ಗೆಳತಿ ಹಿಂದಿನ ಸೀಟಿನಲ್ಲಿ. ಒಬ್ಬಳೇ ಹೋಗುವುದು ಕೊನೆಗೆ. ಎದೆ ಹೊಡೆದುಕೊಂಡರೆ ಇಳಿಯದೆ, ಪಾದ ನೆಲಕ್ಕೆ ಒತ್ತಿ, ಕಿಟಕಿಯಾಚೆ ಕಾಣುವ ಅಂಗಡಿ ಬೋರ್ಡುಗಳನ್ನು ಓದುತ್ತಾ, ಉಸಿರನ್ನು ಉದ್ದಕ್ಕೆ ಬಿಡುವುದು. ಹೆದರಿಕೆ ಏರಿ, ಸ್ವಲ್ಪ ಹೊತ್ತು ನಿಂತು, ತಾನೇ ಇಳಿಯುತ್ತದೆ. ಇಳಿಯುವುದನ್ನು ಅವಳ ಮೈ ಒಮ್ಮೆ ಅನುಭವಿಸಿದರೆ ಮುಂದಿನ ದಾರಿ ಸುಲಭ. ಆದರೆ ಕಾಟ ಕೊಡುವವನು ದಿನಾ ಅದೇ ಬಸ್ಸಿನಲ್ಲಿ ಬರುವವನಾಗಿದ್ದರೆ ಇದನ್ನು ಮಾಡಿಸುವುದಿಲ್ಲ. ಅಲ್ಲಿ ಅವಳ ಹೆದರಿಕೆ ಸರಿಯಾಗಿಯೇ ಇದೆ, ಮೊದಲು ಅವನನ್ನು ತಡೆಯಬೇಕು.

ಹುಡುಗರಿಗೂ ಒಂದು ತರಗತಿ ತೆಗೆದುಕೊಳ್ಳುತ್ತೇನೆ. ಭಾಷಣ ಕಡಿಮೆ, ಅಭ್ಯಾಸ ಜಾಸ್ತಿ. ಜಗಳಕ್ಕೆ ಇಳಿಯದೆ ನಡುವೆ ಹೋಗಿ ನಿಲ್ಲುವುದು, "ಅಕ್ಕಾ, ಈ ಬಸ್ಸು ಗುಬ್ಬಿಗೆ ಹೋಗುತ್ತಾ?" ಎಂದು ಜೋರಾಗಿ ಕೇಳಿ ಗಮನ ಸೆಳೆಯುವುದು, ಕಂಡಕ್ಟರನ್ನು ಕರೆಯುವುದು, 112ಕ್ಕೆ ಫೋನ್ ಮಾಡುವುದು. ಏನೂ ಮಾಡಲಾಗದಿದ್ದರೆ ಆಮೇಲಾದರೂ "ನಾನು ನೋಡ್ದೆ, ಬೇಕಾದ್ರೆ ಸಾಕ್ಷಿ ಹೇಳ್ತೀನಿ" ಎನ್ನುವುದು. ಬಸ್ಸಿನಲ್ಲಿ ಅಷ್ಟು ಜನರಿದ್ದೂ ತಾನು ಒಬ್ಬಳೇ ಆಗಿಬಿಟ್ಟೆ ಅನ್ನಿಸಿದ್ದೇ ಹೆಚ್ಚು ನೋಯಿಸಿತು ಎಂದು ಹುಡುಗಿಯರು ಮತ್ತೆ ಮತ್ತೆ ಹೇಳುತ್ತಾರೆ.

ನನ್ನ ಕೈ ಮೀರಿದ್ದನ್ನು ಇಟ್ಟುಕೊಂಡು ಕೂರುವುದಿಲ್ಲ. ಒಂದು ತಿಂಗಳು ಕಳೆದರೂ ಕೆಟ್ಟ ಕನಸು ನಿಲ್ಲದಿದ್ದರೆ, ಊಟ ಸೇರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬದುಕೇ ಬೇಡ ಎನ್ನುವ ಮಾತು ಬಂದರೆ ತಿಂಗಳು ಕಾಯುವುದಿಲ್ಲ, ಅದೇ ದಿನ ಹೊರಡುತ್ತೇವೆ. ಮನೆಯಿಂದ ಹೊರಡಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಆ ನಂಬರನ್ನೂ ಮಹಿಳಾ ಸಹಾಯವಾಣಿ 181ನ್ನೂ ಹುಡುಗಿಯರ ವಿಶ್ರಾಂತಿ ಕೋಣೆಯ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಹೊರಗೆ ಅಂಟಿಸಿದರೆ ಯಾರು ನಿಂತು ಬರೆದುಕೊಳ್ಳುತ್ತಿದ್ದಾರೆ ಎಂದು ಎಲ್ಲರಿಗೂ ಕಾಣುತ್ತದೆ.