ಪುಣೆಯಲ್ಲಿ ಮನೆ ಕೊಂಡಿದ್ದೀರಾ? ಘರ್‌ಪಟ್ಟಿ ಎಂಬ ಮನೆ ಕಂದಾಯದ ಬಿಲ್ಲನ್ನು ಓದಿ ಆಮೇಲೆ ಕಟ್ಟಿ

ಬೆಂಗಳೂರಿನಿಂದ ಬಂದವರು ಮೊದಲು ತಿಳಿದುಕೊಳ್ಳಬೇಕಾದ ವಿಷಯ ಇದು. ಅಲ್ಲಿ ಮನೆ ಕಂದಾಯವನ್ನು ನಾವೇ ಲೆಕ್ಕ ಹಾಕಿ, ಫಾರ್ಮ್ ತುಂಬಿ ಕಟ್ಟುತ್ತಿದ್ದೆವು. ಇಲ್ಲಿ ಲೆಕ್ಕವೆಲ್ಲ ಪಾಲಿಕೆಯದ್ದು, ನಮ್ಮ ಕೈಗೆ ಬರುವುದು ಬಿಲ್ಲು ಮಾತ್ರ. ಅದರಲ್ಲಿ ತಪ್ಪಿದ್ದರೆ ನೀವಾಗಿಯೇ ಹೋಗಿ ಹೇಳುವ ತನಕ ಯಾರೂ ಸರಿಮಾಡುವುದಿಲ್ಲ.

ಮೊದಲು ನಿಮ್ಮ ಮನೆ ಯಾರ ಹದ್ದಿನಲ್ಲಿದೆ ನೋಡಿಕೊಳ್ಳಿ. ಕೋಥ್ರೂಡ್, ಬಾಣೇರ್, ಖರಾಡಿ, ಹಡಪ್ಸರ್ ಪುಣೆ ಮಹಾನಗರ ಪಾಲಿಕೆಗೆ ಸೇರಿವೆ. ವಾಕಡ್, ನಿಗಡಿ, ಚಿಂಚ್‌ವಡ್ ಪಿಂಪ್ರಿ-ಚಿಂಚ್‌ವಡ್ ಪಾಲಿಕೆಗೆ. ಅದರ ಕಚೇರಿ, ದರ, ರಿಯಾಯಿತಿ ಎಲ್ಲ ಬೇರೆ. ಐಟಿ ಪಾರ್ಕಿನ ಹಿಂಜವಡಿಯಲ್ಲಿ ಗ್ರಾಮ ಪಂಚಾಯಿತಿ ಇದೆ. ಮುಂದೆ ಹೇಳುವುದೆಲ್ಲ ಪುಣೆ ಪಾಲಿಕೆಯ ಮಾತು.

ಇಲ್ಲಿ ತೆರಿಗೆ ಬೀಳುವುದು ಮನೆಯ ಮಾರುಕಟ್ಟೆ ಬೆಲೆಯ ಮೇಲಲ್ಲ. ನಿಮ್ಮ ಏರಿಯಾದಲ್ಲಿ ಅಂಥ ಮನೆಗೆ ಇಷ್ಟು ಬಾಡಿಗೆ ಬರಬಹುದು ಎಂದು ಪಾಲಿಕೆ ಚದರಡಿ ಲೆಕ್ಕದಲ್ಲಿ ಹಿಡಿಯುವ ದರದ ಮೇಲೆ. ವರ್ಷದ ಬಾಡಿಗೆಯಲ್ಲಿ ರಿಪೇರಿಗೆಂದು 10% ಕಳೆದು ಉಳಿದದ್ದಕ್ಕೆ ತೆರಿಗೆ. ಹಾಗಾಗಿ ಸಾಲ ಕೊಡುವಾಗ ಬ್ಯಾಂಕಿನ ವ್ಯಾಲ್ಯುಯರ್ ಬರೆದುಕೊಟ್ಟ ರಿಪೋರ್ಟ್ ಹಿಡಿದು 'ನಮ್ಮ ಫ್ಲಾಟಿಗೆ ಅಷ್ಟು ಬೆಲೆ ಇಲ್ಲ' ಎಂದು ವಾದಿಸಲು ಹೋದರೆ ಸುಮ್ನೆ ಹೊತ್ತು ಹಾಳು. ನೋಂದಣಿಯ ಸ್ಟ್ಯಾಂಪ್ ಡ್ಯೂಟಿಗೆ ನೋಡುವ ರೆಡಿ ರೆಕನರ್ ದರ, ಅಂದರೆ ಸರ್ಕಾರದ ಮಾರ್ಗಸೂಚಿ ಬೆಲೆ, ಅದೂ ಬೇರೆಯೇ. ಮುಂಬೈಯಲ್ಲಿ ಹಾಗಲ್ಲ, ಅಲ್ಲಿ 2010ರಿಂದ ಬಂಡವಾಳ ಮೌಲ್ಯದ, ಅಂದರೆ ಮನೆಯ ಬೆಲೆಯ ಮೇಲೆ ತೆರಿಗೆ ಹಾಕುವ ಪದ್ಧತಿ ಇದೆ, ರೆಡಿ ರೆಕನರ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ. 500 ಚದರಡಿ ತನಕದ ಮನೆಗೆ ತೆರಿಗೆ ಇಲ್ಲ ಎಂಬ ಸುದ್ದಿಯೂ ಮುಂಬೈಯದ್ದೇ, 2022ರ ಜನವರಿಯಿಂದ ಜಾರಿಯಲ್ಲಿರುವುದು. ದಾದರಿನಲ್ಲಿರುವ ಭಾವ ಹೇಳಿದರು ಎಂದು ಇಲ್ಲಿ ಬಿಲ್ ಕಟ್ಟದೆ ಕೂರಬೇಡಿ.

ಬಿಲ್ಲು ಮರಾಠಿಯಲ್ಲಿರುತ್ತದೆ ಎಂದು ಹೆದರಬೇಕಿಲ್ಲ. ನೋಡಬೇಕಾದ್ದು ನಾಲ್ಕೇ: ಹೆಸರು, ಅಳತೆ, ಬಳಕೆ ಮತ್ತು ಯಾವ ದಿನದಿಂದ ತೆರಿಗೆ ಹಾಕಿದ್ದಾರೆ ಎಂಬುದು. ಅಳತೆಯನ್ನು ನಿಮ್ಮ ಕರಾರುಪತ್ರ ಮತ್ತು ಇಂಡೆಕ್ಸ್-2ರ (ನೋಂದಣಿ ಕಚೇರಿ ಕೊಡುವ ನೋಂದಣಿಯ ಸಾರಾಂಶ) ಪಕ್ಕದಲ್ಲಿಟ್ಟು ತಾಳೆ ನೋಡಿ. ಬಳಕೆ ಎಂದರೆ ವಾಸಕ್ಕೋ, ಅಂಗಡಿಗೋ, ಬಾಡಿಗೆಗೋ ಎಂಬುದು. ಹಳೇ ಫ್ಲಾಟ್ ಕೊಂಡವರಿಗೆ ಹೆಚ್ಚು ತಲೆನೋವು ಕೊಡುವುದು ಇದೇ. ಹಿಂದಿನ ಮಾಲೀಕರು ಬಾಡಿಗೆಗೆ ಕೊಟ್ಟಿದ್ದರೆ ದಾಖಲೆಯಲ್ಲಿ ಅದು ಹಾಗೇ ಕೂತಿರುತ್ತದೆ.

ಸ್ವಂತ ವಾಸದ ಮನೆಗೆ ಪುಣೆಯಲ್ಲಿ 40% ರಿಯಾಯಿತಿ ಇದೆ. 1970ರಿಂದ ಬಂದ ಪದ್ಧತಿ. ಲೆಕ್ಕಪರಿಶೋಧನೆಯ ಆಕ್ಷೇಪದಿಂದ ನಡುವೆ ನಿಂತುಹೋಗಿತ್ತು, ಊರಿಗೆ ಊರೇ ಗಲಾಟೆ ಎಬ್ಬಿಸಿದ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ಮತ್ತೆ ಕೊಟ್ಟಿತು. ಉದಾಹರಣೆಗೆ ಪಾಲಿಕೆ ತಿಂಗಳಿಗೆ 5,000 ರೂಪಾಯಿ ಬಾಡಿಗೆ ಹಿಡಿದಿದೆ ಅಂದುಕೊಳ್ಳಿ. ವರ್ಷಕ್ಕೆ 60,000. ರಿಯಾಯಿತಿ ಇಲ್ಲದಿದ್ದರೆ 54,000ದ ಮೇಲೆ ತೆರಿಗೆ, ಇದ್ದರೆ 32,400ರ ಮೇಲೆ. ಪ್ರತಿ ವರ್ಷ ಈ ವ್ಯತ್ಯಾಸ! ಬಿಲ್ಲಿನಲ್ಲಿ ರಿಯಾಯಿತಿ ಕಾಣದಿದ್ದರೆ ಪಿಟಿ-3 ಎಂಬ ಅರ್ಜಿ ಕೊಡಬೇಕು. ಜೊತೆಗೆ ನೀವೇ ವಾಸವಿದ್ದೀರಿ ಎಂದು ಸೊಸೈಟಿಯ ಪತ್ರ, ಅದೇ ವಿಳಾಸದ ವೋಟರ್ ಕಾರ್ಡ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಅಥವಾ ಗ್ಯಾಸ್ ಪುಸ್ತಕ. ಪುಣೆಯಲ್ಲೇ ಇನ್ನೊಂದು ಮನೆ ಇದ್ದರೆ ಅದರ ಬಿಲ್ಲಿನ ನಕಲೂ ಬೇಕು. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ವಿಳಾಸದಲ್ಲಿ. ಪುಣೆಗೆ ಬಂದು ವರ್ಷಗಳಾದರೂ ವೋಟರ್ ಕಾರ್ಡಿನಲ್ಲಿ ಇನ್ನೂ ಧಾರವಾಡವೋ ದಾವಣಗೆರೆಯೋ ಇರುತ್ತದೆ, ಅಲ್ವಾ? ಮನೆ ಹೊಕ್ಕ ಕೂಡಲೇ ಬದಲಾಯಿಸಿ.

ಅಳತೆ ಅಥವಾ ದರವೇ ತಪ್ಪಿದ್ದರೆ ಅದು ಹರಕತ್, ಅಂದರೆ ಆಕ್ಷೇಪಣೆಯ ದಾರಿ. ಹೊಸ ತೆರಿಗೆ ಹಾಕುವಾಗ ಅಥವಾ ಹೆಚ್ಚಿಸುವಾಗ ನೋಟಿಸ್ ಬರುತ್ತದೆ. ಅದರಲ್ಲಿರುವ ಗಡುವಿನೊಳಗೆ ಲಿಖಿತ ಅರ್ಜಿ ಕೊಡಿ, ಬಾಯಿಮಾತು ನಡೆಯುವುದಿಲ್ಲ. ಕ್ಷೇತ್ರೀಯ ಕಾರ್ಯಾಲಯದ (ಪಾಲಿಕೆಯ ವಾರ್ಡ್ ಕಚೇರಿ) ಆವಕ್-ಜಾವಕ್, ಅಂದರೆ ಪತ್ರ ತೆಗೆದುಕೊಳ್ಳುವ ಕಿಟಕಿಗೆ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ 'ಪೋಚ್ ದ್ಯಾ' (ಸ್ವೀಕೃತಿ ಕೊಡಿ) ಎಂದು ಕೇಳಿ ಸಿಕ್ಕಾ (ಮೊಹರು), ತಾರೀಖು, ನಂಬರ್ ಹಾಕಿಸಿಕೊಳ್ಳಿ. ಅಲ್ಲಿರುವವರು 'ಸಾಹೇಬರು ನೋಡ್ತಾರೆ, ಇಟ್ಟು ಹೋಗಿ' ಎಂದರೂ ಸಿಕ್ಕಾ ಇಲ್ಲದೆ ಕದಲಬೇಡಿ. ಆಮೇಲೆ ವಿಚಾರಣೆಗೆ ಕರೆಯುತ್ತಾರೆ. ಕರಾರುಪತ್ರ, ಮಂಜೂರಾದ ನಕ್ಷೆ, ಭೋಗವಟಾ ಪತ್ರ (ಆಕ್ಯುಪೆನ್ಸಿ ಸರ್ಟಿಫಿಕೇಟ್), ಅದೇ ಬಿಲ್ಡಿಂಗಿನ ಅಷ್ಟೇ ಅಳತೆಯ ಫ್ಲಾಟಿನ ಬಿಲ್ಲಿನ ನಕಲು ಒಯ್ಯಿರಿ. ನನ್ನನ್ನು ಕೇಳಿದರೆ ಪಕ್ಕದ ಮನೆಯ ಬಿಲ್ಲಿಗಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. ಮರಾಠಿಯಲ್ಲಿ ಅರ್ಜಿ ಬರೆಯಲು ನಮ್ಮ ಕನ್ನಡ ಸಂಘದ ಹಿರಿಯರು ಸಹಾಯ ಮಾಡುತ್ತಾರೆ.

ಅಲ್ಲೂ ಒಪ್ಪದಿದ್ದರೆ ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆ, 1949ರ 406ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಸಮಯ 15 ದಿನ ಮಾತ್ರ. ಮೊದಲು ಪಾಲಿಕೆಗೆ ಆಕ್ಷೇಪಣೆ ಕೊಟ್ಟು ಅದು ತೀರ್ಮಾನವಾಗಿರಬೇಕು, ಕೇಳಿದ ತೆರಿಗೆಯನ್ನು ಠೇವಣಿ ಇಟ್ಟಿರಬೇಕು. ಸಣ್ಣ ಮೊತ್ತಕ್ಕೆ ವಕೀಲರ ಫೀಸೇ ಜಾಸ್ತಿಯಾಗುತ್ತದೆ, ಲೆಕ್ಕ ಹಾಕಿ ಹೆಜ್ಜೆ ಇಡಿ.

ಆಕ್ಷೇಪಣೆ ಕೊಟ್ಟಿದ್ದೇವೆ ಎಂದು ಬಿಲ್ ತಡೆಹಿಡಿಯಬೇಡಿ. ಬಾಕಿಯ ಮೇಲೆ ತಿಂಗಳಿಗೆ 2% ದಂಡ ಬೀಳುತ್ತದೆ. 'ಆಕ್ಷೇಪಣೆ ಉಳಿಸಿಕೊಂಡು ಕಟ್ಟುತ್ತಿದ್ದೇನೆ' ಎಂದು ಒಂದು ಪತ್ರ ಕೊಟ್ಟು ಕಟ್ಟಿಬಿಡಿ, ಆ ಪತ್ರಕ್ಕೂ ಸಿಕ್ಕಾ ಹಾಕಿಸಿಕೊಳ್ಳಿ.