ನಮ್ಮ ಮನೆಯ ತೊಲೆ ಟೇಬಲ್ ಆದದ್ದು

ಶರಣಬಸವೇಶ್ವರರ ಜಾತ್ರೆ ಮುಗಿದು ಮೂರು ವಾರ ಆಗಿತ್ತು. ಕಲಬುರಗಿಯಲ್ಲಿ ಬಿಸಿಲು ಆಗಲೇ 40 ಡಿಗ್ರಿ ಮುಟ್ಟಿತ್ತು. ಒಂದು ರಾತ್ರಿ ನಡುಮನೆಯಿಂದ ಟಪ್ ಅಂತ ಸದ್ದು ಬಂತು. ಎದ್ದು ಹೋಗಿ ಲೈಟ್ ಹಾಕಿದೆ. ಎಂಟು ತಿಂಗಳ ಹಿಂದೆ ನಾನೇ ಮಾಡಿದ್ದ ಟೇಬಲ್ಲಿನ ಮೇಲ್ಹಲಗೆ ಸೀಳಿತ್ತು. ಒಂದು ತುದಿಯಿಂದ ಹೆಚ್ಚುಕಡಿಮೆ ನಡುವಿನವರೆಗೆ. ಬಿರುಕಿನೊಳಗೆ ನಾಣ್ಯ ನಿಲ್ಲುವಷ್ಟು ಜಾಗ ಇತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಕಟ್ಟಿಗೆ ಕೆಲಸ ನನ್ನ ಕಸುಬಲ್ಲ. ಆದರೆ ಮಗಳಿಗೆ ಓದಲು ಒಂದು ಗಟ್ಟಿ ಟೇಬಲ್ ಬೇಕಿತ್ತು. ಪ್ಲೈವುಡ್ ಬೇಡ, ನಿಜವಾದ ಕಟ್ಟಿಗೆಯಲ್ಲೇ ಮಾಡಬೇಕು ಅಂತ ಆಸೆ. ಅಡತಿಯಿಂದ ಬೇವಿನ ಹಲಗೆ ತಂದು, ಶ್ರಾವಣದಲ್ಲಿ ಅಂಟಿಸಿ, ಕೆಳಗಿನ ಚೌಕಟ್ಟಿಗೆ 12 ಸ್ಕ್ರೂ ಬಿಗಿಯಾಗಿ ಹೊಡೆದಿದ್ದೆ. ಜಾಸ್ತಿ ಸ್ಕ್ರೂ ಹಾಕಿದಷ್ಟೂ ಗಟ್ಟಿ ಅಂದುಕೊಂಡಿದ್ದೆ.

ಮರುದಿನ ನಮ್ಮ ಓಣಿಯ ಬಡಿಗ ಕಾಕಾನನ್ನು ಕರೆದು ತೋರಿಸಿದೆ. ಅವರು ಬಿರುಕನ್ನು ಬೆರಳಿನಿಂದ ಸವರಿದರು. ಆಮೇಲೆ ಬಗ್ಗಿ ಕೆಳಗೆ ನೋಡಿದರು.

"ಅಂಟು ಬಿಟ್ಟಿಲ್ರಿ ಸರ್. ಅಂಟಿನ ಬಾಜೂಕಿನ ಕಟ್ಟಿಗಿ ಹರದದ. ಯಾವಾಗ ಮಾಡಿದ್ರಿ ಇದನ್ನ?"

"ಶ್ರಾವಣದಾಗ, ಕಾಕಾ."

"ಅದಕ್ಕ ನೋಡ್ರಿ. ಮಳಿಗಾಲದಾಗ ಹಿಗ್ಗಿದ ಕಟ್ಟಿಗಿ ಬ್ಯಾಸಿಗ್ಯಾಗ ಕುಗ್ತದ. ನೀವು ಸ್ಕ್ರೂ ಹೊಡದು ಹಿಡದಿಟ್ರಿ. ಸರಿಲಿಕ್ಕ ಜಾಗಾ ಇಲ್ಲಂದ್ರ ಅದು ಏನ್ ಮಾಡಬೇಕು?"

ಮಳೆಗಾಲದಲ್ಲಿ ನಮ್ಮ ಬಚ್ಚಲಮನೆ ಬಾಗಿಲು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ತಾನೇ ಸಡಿಲ ಆಗುತ್ತದೆ. ಇದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಟೇಬಲ್ಲಿಗೂ ಅದೇ ಲೆಕ್ಕ ಅನ್ನುವುದು ಹೊಳೆದಿರಲಿಲ್ಲ.

ಅವತ್ತಿನಿಂದ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಕಟ್ಟಿಗೆ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಆಗ ಉದ್ದ ಬಹುತೇಕ ಬದಲಾಗುವುದಿಲ್ಲ. ಬದಲಾಗುವುದು ಅಗಲ, ಅಂದರೆ ನಾರಿಗೆ ಅಡ್ಡ ದಿಕ್ಕು. ತೇಗ ಈ ವಿಷಯದಲ್ಲಿ ಶಾಂತ ಕಟ್ಟಿಗೆ. ಆದರೂ ಅದರೊಳಗಿನ ತೇವ ಶೇ 5ರಷ್ಟು ಏರಿಳಿದರೆ 30 ಇಂಚು ಅಗಲದ ಹಲಗೆ ಸುಮಾರು 7 ಮಿಲಿಮೀಟರ್ ಹಿಗ್ಗಬಹುದು, ಇಲ್ಲವೇ ಕುಗ್ಗಬಹುದು. ಇದು ಹಲಗೆಯ ತುದಿಯಲ್ಲಿ ಕಾಣುವ ಮರದ ಉಂಗುರದ ಗೆರೆಗಳು ಮಲಗಿರುವಂತೆ ಕೊಯ್ದ ಹಲಗೆಯ ಲೆಕ್ಕ. ಗೆರೆಗಳು ನಿಂತಿರುವಂತೆ ಕೊಯ್ದಿದ್ದರೆ ಅದರ ಅರ್ಧದಷ್ಟು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತೊಳೆದ ಬಟ್ಟೆ ಅರ್ಧ ತಾಸಿನಲ್ಲಿ ಒಣಗುತ್ತದೆ. ಆಗಸ್ಟ್‌ನಲ್ಲಿ ಎರಡು ದಿನ ಆದರೂ ಒಣಗುವುದಿಲ್ಲ. ಕಟ್ಟಿಗೆಯೂ ಅದೇ ಗಾಳಿಯಲ್ಲಿ ಇರುತ್ತದೆ ಅಲ್ವಾ? ಹಾಗಾಗಿ ಕಲಬುರಗಿಯಲ್ಲಿ ಟೇಬಲ್ ಮಾಡುವವರು ಮೊದಲು ಈ 7 ಮಿಲಿಮೀಟರಿಗೆ ಜಾಗ ಹುಡುಕಬೇಕು. ಕಾಲು, ಪಾಲಿಶ್, ಅಂದ ಎಲ್ಲ ಆಮೇಲೆ.

ಎರಡನೇ ಸಲದ ಕಟ್ಟಿಗೆ ಊರಿನಿಂದಲೇ ಬಂತು. ಚಿತ್ತಾಪುರದ ಹತ್ತಿರ ನಮ್ಮ ಅಜ್ಜನ ಮಾಳಿಗೆ ಮನೆ ಇದೆ. ಮಣ್ಣಿನ ಮಾಳಿಗೆ ಸೋರುತ್ತಿತ್ತು ಅಂತ ಮೇ ತಿಂಗಳಲ್ಲಿ ಅದನ್ನು ಇಳಿಸಿದರು. ಜಂತಿಗಳನ್ನು ಹುಳ ತಿಂದಿತ್ತು. ಆದರೆ ತೇಗದ ಎರಡು ತೊಲೆ ಒಳಗೆ ಕಬ್ಬಿಣದ ಹಾಗೆ ಇದ್ದವು. "ಒಲಿಗೆ ಹಾಕೋದು ಬ್ಯಾಡ, ತಗೊಂಡು ಹೋಗು" ಅಂದರು ಅವ್ವ.

ಹಳೆ ತೊಲೆ ಸಿಕ್ಕವರು ಒಂದು ಮಾತು ನೆನಪಿಡಿ. ಅದರೊಳಗೆ ಮೊಳೆ ಇದ್ದೇ ಇರುತ್ತವೆ. ಸಾ ಮಿಲ್ಲಿನವರು ಮೊದಲು ಕೇಳಿದ್ದೇ ಅದು. ಒಂದು ಮೊಳೆ ಸಿಕ್ಕರೂ ಅವರ ಬ್ಲೇಡ್ ಹಾಳು, ಪಕ್ಕದಲ್ಲಿ ನಿಂತವರಿಗೂ ಅಪಾಯ. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ನಾಲ್ಕೂ ಬದಿಗೆ ನಿಧಾನವಾಗಿ ಆಡಿಸಿದೆ. ದಾರ ಎಲ್ಲಿ ವಾಲಿತೋ ಅಲ್ಲಿ ಉಳಿಯಿಂದ ಕೆತ್ತಿ ನೋಡಿದೆ. ಎರಡು ತೊಲೆಯಿಂದ 23 ಮೊಳೆ ಬಂದವು. ತಲೆ ಮುರಿದ ಮೊಳೆ ತುಂಬ ಆಳದಲ್ಲಿದ್ದರೆ ಅಯಸ್ಕಾಂತಕ್ಕೂ ಸಿಗುವುದಿಲ್ಲ. ಮೇಲಿನ ಕಪ್ಪು ಕಲೆ ಅದರ ಗುರುತು ಕೊಡುತ್ತದೆ.

ಮಿಲ್ಲಿನಲ್ಲಿ ಒಂದೂಕಾಲು ಇಂಚು ದಪ್ಪದ ಆರು ಹಲಗೆ ಕೊಯ್ಯಿಸಿದೆ. ಒಂದೊಂದು 6 ಇಂಚು ಅಗಲ, ಐದೂವರೆ ಅಡಿ ಉದ್ದ. ಅಷ್ಟು ಹಳೆ ಕಟ್ಟಿಗೆ, ಇನ್ನೇನು ಒಣಗುವುದು ಉಳಿದಿದೆ ಅಂದುಕೊಂಡಿದ್ದೆ. ಎರಡೇ ದಿನದಲ್ಲಿ ಎರಡು ಹಲಗೆ ಬಾಗಿದವು. ತೊಲೆಯೊಳಗೆ ಎಷ್ಟೋ ವರ್ಷದಿಂದ ಕೂತ ಬಿಗಿತ ಕೊಯ್ದ ತಕ್ಷಣ ಸಡಿಲ ಆಗುತ್ತದೆ. ಹಾಗಾಗಿ ಪಡಸಾಲೆಯಲ್ಲಿ ಒಂದರ ಮೇಲೊಂದು ಇಟ್ಟೆ. ನಡುವೆ ಒಂದೇ ದಪ್ಪದ ಪಟ್ಟಿಗಳು, ಗಾಳಿ ಆಡಬೇಕು ಅಂತ. ಆ ಪಟ್ಟಿಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ನೇರಕ್ಕೆ ಬರಬೇಕು. ಇಲ್ಲದಿದ್ದರೆ ಭಾರವೇ ಹಲಗೆಯನ್ನು ಬಗ್ಗಿಸುತ್ತದೆ. ಮೇಲೆ ಭಾರಕ್ಕೆ ಮೂರು ಶಹಾಬಾದಿ ಫರ್ಸಿ ಕಲ್ಲು ಹೇರಿದೆ. ಮಳೆಗಾಲ ಪೂರ್ತಿ ಹಾಗೇ ಬಿಟ್ಟೆ. ದೀಪಾವಳಿ ಆದ ಮೇಲೆ ಕೈ ಹಾಕಿದೆ. ಆಗ ಗಾಳಿ ತೀರಾ ತೇವವೂ ಅಲ್ಲ, ತೀರಾ ಒಣವೂ ಅಲ್ಲ. ಅಂಟಿಸಲು ನಮ್ಮ ಊರಿನಲ್ಲಿ ಇದಕ್ಕಿಂತ ಒಳ್ಳೆ ಕಾಲ ಇಲ್ಲ ಅಂತ ಈಗ ನನಗೆ ಅನಿಸುತ್ತದೆ.

ಮೊದಲು ಹಲಗೆಗಳನ್ನು ನೆಲದ ಮೇಲೆ ಜೋಡಿಸಿ ನೋಡಿದೆ. ಯಾವುದರ ಪಕ್ಕ ಯಾವುದು ಚೆನ್ನಾಗಿ ಕಾಣುತ್ತದೆ, ನಾರು ಯಾವ ಕಡೆ ಓಡುತ್ತದೆ ಅಂತ. ಎಲ್ಲದರ ನಾರು ಒಂದೇ ಕಡೆಗೆ ಇದ್ದರೆ ಆಮೇಲೆ ರಂದಾ (ಕಟ್ಟಿಗೆ ಹೆರೆಯುವ ಉಪಕರಣ) ಹೊಡೆಯುವಾಗ ಸುಖ. ಒಂದು ಹಲಗೆಯಲ್ಲಿ ದೊಡ್ಡ ಕಪ್ಪು ಕಲೆ ಇತ್ತು. ಅದನ್ನು ಕೆಳಮೈಗೆ ತಿರುಗಿಸಲು ಹೊರಟಿದ್ದೆ. ಅವ್ವ ನೋಡಿ, "ತೊಟ್ಟಿಲಾ ಕಟ್ಟೋ ಕೊಂಡಿ ಇದ್ದಿದ್ದು ಅಲ್ಲೇ. ನಿಮ್ಮನ್ನೆಲ್ಲಾ ಅಲ್ಲೇ ತೂಗೀನಿ" ಅಂದರು. ಕಲೆ ಮೇಲೆಯೇ ಉಳಿಯಿತು.

ಜೋಡಣೆ ಒಪ್ಪಿಗೆಯಾದ ಮೇಲೆ ಆರೂ ಹಲಗೆಗೆ ಸೇರುವಂತೆ ಸೀಮೆಸುಣ್ಣದಿಂದ ಒಂದೇ ದೊಡ್ಡ ತ್ರಿಕೋನ ಬರೆದೆ. ಆಮೇಲೆ ಹಲಗೆ ಎಷ್ಟು ಅದಲುಬದಲಾದರೂ ತ್ರಿಕೋನ ಕೂಡಿಸಿದರೆ ಸಾಕು, ಕ್ರಮ ಸಿಗುತ್ತದೆ.

ಇನ್ನು ಅಂಚು. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ, ನಾಲ್ಕು ಭಾನುವಾರ. ಎರಡು ಹಲಗೆಯ ಅಂಚು ಕೂದಲೆಳೆ ಸಂದಿಲ್ಲದೆ ಕೂಡಬೇಕು. ಸಂದಿ ಇದ್ದರೆ ಅಂಟು ತುಂಬಿಕೊಳ್ಳುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಬಿಳಿ ಅಂಟಿಗೆ ಶಕ್ತಿ ಬರುವುದು ಕಟ್ಟಿಗೆಗೆ ಕಟ್ಟಿಗೆ ಒತ್ತಿ ಕೂತಾಗ ಮಾತ್ರ.

ರಂದಾ ಹಿಡಿದು ಅಂಚನ್ನು ಸರಿಯಾಗಿ 90 ಡಿಗ್ರಿಗೆ ತರುವುದು ಹೊಸಬರಿಗೆ ಕಷ್ಟ. ನನ್ನ ಕೈ ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ಕಾಕಾ ಇದಕ್ಕೊಂದು ದಾರಿ ತೋರಿಸಿದರು. ಪಕ್ಕಪಕ್ಕ ಬರುವ ಎರಡು ಹಲಗೆಯನ್ನು ಪುಸ್ತಕ ಮುಚ್ಚಿದ ಹಾಗೆ ಮಡಚಿ, ಒಟ್ಟಿಗೆ ಬಿಗಿದು, ಎರಡೂ ಅಂಚಿಗೆ ಒಂದೇ ಸಲ ರಂದಾ ಹೊಡೆಯುವುದು. ಕೈ ವಾಲಿ ಒಂದು ಅಂಚು 88 ಡಿಗ್ರಿ ಆದರೆ ಇನ್ನೊಂದು ತಾನೇ 92 ಆಗುತ್ತದೆ. ಬಿಚ್ಚಿ ಕೂಡಿಸಿದರೆ 180. ಹಲಗೆ ಸಪಾಟು! ಇಷ್ಟು ವರ್ಷ ಕೋನಗಳ ಪಾಠ ಹೇಳಿದವನಿಗೆ ಅವತ್ತು ಆದ ಸಂತೋಷ ಹೇಳತೀರದು. ಮರುವಾರ ಎರಡು ರಟ್ಟಿನ ತುಂಡು ತೆಗೆದುಕೊಂಡು ಹೋಗಿ ಎಂಟನೇ ತರಗತಿಗೆ ಇದನ್ನೇ ತೋರಿಸಿದೆ.

ರಂದಾ ಬ್ಲೇಡ್ ಹರಿತ ಇರಬೇಕು. ಮುಂಗೈ ಕೂದಲು ಬೋಳಿಸುವಷ್ಟು. ಕೂಡಿಸಿದ ಹಲಗೆಗಳನ್ನು ಬೆಳಕಿಗೆ ಎದುರು ಹಿಡಿದು ನೋಡಿದೆ. ಬೆಳಕು ತೂರಿದ ಕಡೆ ಅಂಚು ತಗ್ಗು ಇದೆ ಅಂತ ಅರ್ಥ. ಆಗ ಉಬ್ಬಿದ ಜಾಗವನ್ನು ಇಳಿಸಬೇಕು. ಕೊನೆಗೆ ನಡುಭಾಗದಲ್ಲಿ ಮಾತ್ರ ಕಾಗದದ ದಪ್ಪದಷ್ಟು ತಗ್ಗು ಉಳಿಸಿದೆ. ಹಲಗೆಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ಬಿಗಿದಾಗ ಅದು ಮುಚ್ಚುತ್ತದೆ, ತುದಿಗಳು ಇನ್ನೂ ಗಟ್ಟಿ ಒತ್ತುತ್ತವೆ. ಹಲಗೆ ಮೊದಲು ಒಣಗಿ ಬಾಯಿ ಬಿಡುವುದು ತುದಿಯಲ್ಲೇ.

ತೇಗದಲ್ಲಿ ಎಣ್ಣೆ ಅಂಶ ಇದೆ. ರಂದಾ ಹೊಡೆದು ಹಳೆಯದಾದ ಅಂಚಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಅಂಟಿಸುವ ದಿನವೇ ಇನ್ನೊಂದು ತೆಳು ಪದರ ತೆಗೆದು ಅಂಚು ಹೊಸದು ಮಾಡಿದೆ.

ಆರನ್ನೂ ಒಮ್ಮೆಲೇ ಅಂಟಿಸಲು ಹೋಗಬೇಡಿ. ಮೊದಲ ಸಲ ನಾನು ಆ ತಪ್ಪು ಮಾಡಿದ್ದೆ. ಕೊನೆಯ ಹಲಗೆಗೆ ಅಂಟು ಹಚ್ಚುವಷ್ಟರಲ್ಲಿ ಮೊದಲನೆಯದು ಒಣಗುತ್ತಿತ್ತು. ಈ ಸಲ ಮೂರು ಮೂರು ಮಾಡಿ ಎರಡು ಭಾಗ ಅಂಟಿಸಿದೆ. ಮರುದಿನ ಆ ಎರಡು ಭಾಗ ಕೂಡಿಸಿದೆ. ಬೆಳಿಗ್ಗೆ ಏಳಕ್ಕೆ, ತಂಪಿನಲ್ಲಿ. ಅದಕ್ಕೂ ಮೊದಲು ಅಂಟಿಲ್ಲದೆ ಒಂದು ಸಲ ಪೂರ್ತಿ ಬಿಗಿದು ನೋಡಿದೆ. ಯಾವ ಕ್ಲ್ಯಾಂಪ್ ಎಲ್ಲಿ, ಸುತ್ತಿಗೆ ಎಲ್ಲಿ, ಎಲ್ಲ ಕೈಗೆ ಸಿಗುವಂತೆ ಇರಬೇಕು. ಪೈಪ್ ಕ್ಲ್ಯಾಂಪ್ ಐದು ಬೇಕಾದವು. ಒಂದು ಮೇಲೆ, ಒಂದು ಕೆಳಗೆ, ಹೀಗೆ ಬದಲಿಸುತ್ತ ಹಾಕಬೇಕು. ಎಲ್ಲ ಒಂದೇ ಬದಿಗೆ ಹಾಕಿದರೆ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ಪೈಪ್ ಮತ್ತು ಕಟ್ಟಿಗೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟೆ. ಹಸಿ ಅಂಟಿಗೆ ಕಬ್ಬಿಣ ತಾಗಿದರೆ ತೇಗದ ಮೇಲೆ ಕಪ್ಪು ಕಲೆ ಬೀಳುತ್ತದೆ.

ಒತ್ತಿದಾಗ ಸಂದಿಯ ಉದ್ದಕ್ಕೂ ಅಂಟು ಸಣ್ಣ ಮಣಿಗಳ ಸಾಲಿನಂತೆ ಹೊರಬಂದರೆ ಸಾಕು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ತೆಳುವಾದ ಅಂಟು ನಾರಿನೊಳಗೆ ಇಳಿದು, ಎಣ್ಣೆ ಹಚ್ಚಿದ ಮೇಲೆ ಮಸುಕು ತೇಪೆಯಾಗಿ ಕಾಣುತ್ತದೆ. ಒಂದು ತಾಸು ಬಿಟ್ಟು, ರಬ್ಬರಿನ ಹಾಗೆ ಆದಾಗ ಉಳಿಯಿಂದ ಎಬ್ಬಿಸಿದರೆ ಪಟ್ಟಿಪಟ್ಟಿಯಾಗಿ ಬರುತ್ತದೆ.

ಸಪಾಟು ಮಾಡುವ ಕೆಲಸಕ್ಕೆ ಎರಡು ನೇರ ಪಟ್ಟಿ ಬೇಕು. ಹಲಗೆಯ ಎರಡು ತುದಿಗೆ ಒಂದೊಂದು ಇಟ್ಟು, ಒಂದು ಪಟ್ಟಿಯ ಮೇಲಿನಿಂದ ಇನ್ನೊಂದನ್ನು ನೋಡಬೇಕು. ಎರಡೂ ಸಮಾನಾಂತರ ಕಾಣದಿದ್ದರೆ ಹಲಗೆ ತಿರುಚಿದೆ. ನನ್ನದು ಒಂದು ಮೂಲೆಯಲ್ಲಿ ಸ್ವಲ್ಪ ಎದ್ದಿತ್ತು. ಮೊದಲು ರಂದಾ ಓರೆಯಾಗಿ ಹೊಡೆದು ಅದನ್ನು ಇಳಿಸಿದೆ, ಆಮೇಲೆ ನಾರಿನ ಉದ್ದಕ್ಕೆ ಹೊಡೆದೆ. ಕೊನೆಗೆ 80, 120, 180 ನಂಬರಿನ ಪಾಲಿಶ್ ಪೇಪರ್. ದಪ್ಪ ಒಂದು ಇಂಚಿಗೆ ನಿಂತಿತು. ಅಂಚು, ತುದಿ ಎಲ್ಲ ಸರಿ ಮಾಡಿದ ಮೇಲೆ ಅಗಲ 30 ಇಂಚು, ಉದ್ದ 5 ಅಡಿ.

ಈಗ ಚೌಕಟ್ಟಿಗೆ ಕೂರಿಸುವುದು. ಮೊದಲ ಟೇಬಲ್ ಒಡೆದದ್ದು ಇಲ್ಲೇ. ಚೌಕಟ್ಟಿನ ಎರಡು ಗಿಡ್ಡ ಪಟ್ಟಿಗಳಲ್ಲಿ ಮೂರು ಮೂರು ತೂತು ಮಾಡಿದೆ. ನಡುವಿನದು ಮಾತ್ರ ದುಂಡು. ಅಕ್ಕಪಕ್ಕದ ಎರಡನ್ನೂ ಉದ್ದವಾಗಿ, ಸ್ಕ್ರೂ ಎರಡೂ ಕಡೆಗೆ 5 ಮಿಲಿಮೀಟರ್ ಸರಿಯುವಂತೆ ಕೊರೆದೆ. ವಾಷರ್ ಹಾಕಿ ಸ್ಕ್ರೂ ಬಿಗಿದು, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆ. ಹೀಗೆ ಮಾಡಿದರೆ ಹಲಗೆಯ ನಡು ನಿಂತಲ್ಲೇ ನಿಲ್ಲುತ್ತದೆ, ಅಂಚುಗಳು ಎರಡೂ ಬದಿಗೆ ಸರಿಯುತ್ತವೆ. ಉದ್ದ ಪಟ್ಟಿಗಳ ಒಳಬದಿಗೆ ಗಾಡಿ, ಅಂದರೆ ಉದ್ದನೆಯ ಕಾಲುವೆಯಂಥ ಕೊರೆತ, ಹೊಡೆದು, ಅದರಲ್ಲಿ ನಾಲಿಗೆ ಸೇರುವಂತೆ ಸಣ್ಣ ಕಟ್ಟಿಗೆ ತುಂಡು ಕೆತ್ತಿದೆ. ಆ ತುಂಡಿಗೆ ಮೇಲ್ಹಲಗೆ ಸ್ಕ್ರೂ ಆಗಿದೆ. ನಾಲಿಗೆ ಗಾಡಿಯೊಳಗೆ ಹಿಂದೆ ಮುಂದೆ ಜಾರುತ್ತದೆ. ಚೌಕಟ್ಟಿಗೂ ಹಲಗೆಗೂ ನಡುವೆ ಎಲ್ಲೂ ಅಂಟು ಇಲ್ಲ. ಹಲಗೆಯ ತುದಿಗೆ ಅಂದಕ್ಕೆ ಅಂತ ಅಡ್ಡ ಪಟ್ಟಿ ಅಂಟಿಸುವುದನ್ನು ಕೆಲವು ಕಡೆ ನೋಡಿದ್ದೇನೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಅದೂ ಅಗಲವನ್ನು ಹಿಡಿದಿಡುತ್ತದೆ.

ಮೇಲೆ ಹಚ್ಚಿದ್ದು ಅಗಸೆ ಎಣ್ಣೆ. ನಮ್ಮಲ್ಲಿ ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಊಟ ಇಲ್ಲ, ಅದೇ ಅಗಸೆ. ಆದರೆ ಗಾಣದ ಹಸಿ ಎಣ್ಣೆ ಒಣಗಲು ತುಂಬ ದಿನ ಹಿಡಿಯುತ್ತದೆ. ಪೇಂಟ್ ಅಂಗಡಿಯ ಬಾಯ್ಲ್ಡ್ ಎಣ್ಣೆ ತಂದು, ತೆಳುವಾಗಿ ಹಚ್ಚಿ, ಕಾಲು ತಾಸಿನ ನಂತರ ಉಳಿದದ್ದನ್ನು ಪೂರ್ತಿ ಒರೆಸಿದೆ. ದಿನಕ್ಕೆ ಒಂದರಂತೆ ನಾಲ್ಕು ಸಲ. ಕೆಳಮೈಗೂ ನಾಲ್ಕು ಸಲ. ಕಾಣದ ಬದಿ ಅಂತ ಬಿಟ್ಟರೆ ಒಂದು ಮೈ ಬೇಗ ತೇವ ಹೀರಿ, ಹಲಗೆ ದೋಣಿಯಂತೆ ಆಗುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ದಯವಿಟ್ಟು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಮ್ಮ ಬಿಸಿಲಿನಲ್ಲಿ ಕೇಳಲೇಬೇಡಿ. ನಾನು ಪ್ರತಿ ಸಲ ಬಟ್ಟೆಯನ್ನು ನೀರಲ್ಲಿ ನೆನೆಸಿ, ಅಂಗಳದಲ್ಲಿ ಒಂದೊಂದಾಗಿ ಬಿಡಿಸಿ ಹರವಿದೆ.

ಟೇಬಲ್ ಮನೆಯೊಳಗೆ ಬಂದದ್ದು ಸಂಕ್ರಾಂತಿಗೆ. ಅವತ್ತೇ ಹಲಗೆಯ ಕೆಳಗೆ, ಚೌಕಟ್ಟಿನ ಎರಡೂ ಬದಿಗೆ ತಾಗಿಸಿ ಪೆನ್ಸಿಲ್ ಗೆರೆ ಹಾಕಿದೆ. ಮೇ ತಿಂಗಳ ಕೊನೆಗೆ ಎರಡೂ ಗೆರೆ ಒಂದೊಂದು ಮಿಲಿಮೀಟರ್ ಒಳಗೆ ಸರಿದು ಚೌಕಟ್ಟಿನ ಹಿಂದೆ ಮರೆಯಾಗಿದ್ದವು. ಸದ್ದೂ ಇಲ್ಲ, ಬಿರುಕೂ ಇಲ್ಲ. ಆಗಸ್ಟ್‌ನಲ್ಲಿ ಮತ್ತೆ ಬಗ್ಗಿ ನೋಡಿದೆ. ಗೆರೆಗಳು ಹೊರಗೆ ಬಂದಿದ್ದವು, ಚೌಕಟ್ಟಿನಿಂದ ಒಂದೂವರೆ ಮಿಲಿಮೀಟರ್ ಆಚೆಗೆ. ಒಟ್ಟು ಐದು ಮಿಲಿಮೀಟರ್ ಓಡಾಟ. ಪಕ್ಕದಲ್ಲಿ ಮಗಳೂ ಟಾರ್ಚ್ ಹಿಡಿದು ಕೂತಿದ್ದಳು. ಗೆರೆಯ ಪಕ್ಕ ತಾರೀಖು ಬರೆದವಳು ಅವಳೇ.