ಕಾಟಾದ ಮುಖ ತಿರುಗಿಸಿದ ಮೇಲೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೆ ಹಾಜರಿ, ತೂಕ ಬರೆದಿಡುವ ರೈಟರ್ ಆಗಿ ನಾನು ಸೇರಿದಾಗ ಅರೇಬಿಕಾ ಕೊಯ್ಲಿಗೆ ಇನ್ನೊಂದು ತಿಂಗಳಿತ್ತು. ಮೊದಲ ದಿನವೇ ಸಾಹುಕಾರ್ರು ಹೇಳಿದ್ದರು: "ಇಲ್ಲಿ ಜನ ನಿಲ್ಲಲ್ಲ ಕಣಯ್ಯ. ಅರ್ಧ ಕೊಯ್ಲಿಗೇ ಪಕ್ಕದ ತೋಟಕ್ಕೆ ಹೋಗ್ಬಿಡ್ತಾರೆ. ಸ್ವಲ್ಪ ಬಿಗಿಯಾಗಿರು." ನಾನೂ ಬಿಗಿಯಾಗೇ ಇದ್ದೆ. ಹಾಜರಿಗೆ ಐದು ನಿಮಿಷ ತಡವಾದರೂ ಗದರುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನೂ! ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜನ ಯಾಕೆ ನಿಲ್ಲುವುದಿಲ್ಲ ಅಂತ ಗೊತ್ತಾಗಿದ್ದು ಕೊಯ್ಲಿನ ಮೊದಲ ವಾರ, ತೂಕದ ಹೊತ್ತಿಗೆ. ಹಣ್ಣು ಕೊಯ್ಯುವ ಕೂಲಿ ಕೆಜಿ ಲೆಕ್ಕದ್ದು. ಸಂಜೆ ಎಲ್ಲರೂ ಚೀಲ ಹೊತ್ತು ಶೆಡ್ಡಿಗೆ ಬರುತ್ತಾರೆ. ಆದರೆ ಕಾಟಾದ ಮುಖ ಇದ್ದದ್ದು ರೈಟರ್ ಕೂರುವ ಕಡೆಗೆ. ಚೀಲ ತಂದವರಿಗೆ ಕಾಣುತ್ತಿದ್ದದ್ದು ಅದರ ಬೆನ್ನು. ನಾನು ತೂಕ ಕೂಗಬೇಕು, ಅವರು ನಂಬಬೇಕು. ಸಾಲದ್ದಕ್ಕೆ ಪ್ರತಿ ಚೀಲಕ್ಕೆ 2 ಕೆಜಿ ಕಳೆಯುವ ರೂಢಿ. ಚೀಲದ ತೂಕ, ಎಲೆ, ಕಡ್ಡಿ, ನೀರು ಅಂತ ನೆಪ.

ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿದ್ದ ಹಿರಿಯ ಅಕ್ಕ ಒಬ್ಬರು ಒಂದು ಸಂಜೆ ಅಂದರು: "ರೈಟ್ರೇ, ಕಾಟಾ ನಿಮ್ದು, ಬುಕ್ಕೂ ನಿಮ್ದು. ನಮ್ದು ಅಂತ ಇರೋದು ಸೊಂಟ ನೋವೊಂದೇ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರೆಲ್ಲ ಹೋದ ಮೇಲೆ ಒಂದು ಖಾಲಿ ಗೋಣಿಚೀಲ ತೂಗಿದೆ. ಒಂದು ಕೆಜಿಯೂ ಇರಲಿಲ್ಲ. ನೀರಲ್ಲಿ ಅದ್ದಿ ಹಿಂಡಿ ತೂಗಿದೆ. ಒಂದರ ಮೇಲೆ ಚೂರು. ಎರಡಂತೂ ಮುಟ್ಟಲಿಲ್ಲ.

ಲೆಕ್ಕ ಸುಲಭ. ನಲವತ್ತು ಜನ, ತಲೆಗೆ ಎರಡು ಚೀಲ. ಚೀಲಕ್ಕೆ ಒಂದು ಕೆಜಿ ಜಾಸ್ತಿ ಕಳೆದರೂ ದಿನಕ್ಕೆ 80 ಕೆಜಿ ಹಣ್ಣಿನ ಕೂಲಿ ಜನರ ಕೈ ತಪ್ಪುತ್ತಿತ್ತು.

ಸಾಹುಕಾರ್ರ ಹತ್ತಿರ ನ್ಯಾಯ, ಧರ್ಮ ಅಂತ ಮಾತಾಡಲಿಲ್ಲ. ಕೆಲಸ ಕಳೆದುಕೊಳ್ಳುವಷ್ಟು ಧೈರ್ಯ ನನಗಿರಲಿಲ್ಲ. "ಹೋದ ವರ್ಷ ಜನ ಬಿಟ್ಟು ಹೋದಾಗ ಎಷ್ಟು ಹಣ್ಣು ನೆಲಕ್ಕೆ ಉದುರ್ತು?" ಅಂತ ಕೇಳಿದೆ, ಅಷ್ಟೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ವಾರ ಮಾಡಿ ನೋಡು" ಅಂದರು. ಆ ಒಂದು ವಾರ ಇನ್ನೂ ಮುಗಿದಿಲ್ಲ.

ಮಾರನೇ ದಿನ ಕಾಟಾ ಹೊರಗೆ ಬಂತು, ಮುಖ ಜನರ ಕಡೆಗೆ. ಚೀಲಕ್ಕೆ ಕಳೆಯುವುದು 1 ಕೆಜಿ ಮಾತ್ರ ಅಂದೆ. ಜೈಕಾರ ಏನೂ ಬೀಳಲಿಲ್ಲ. "ಕಾಟಾನೇ ಸುಳ್ಳು ಹೇಳಿದ್ರೆ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಗೊಬ್ಬರದ ಕೋಣೆಯಿಂದ ಹೊಲಿಗೆ ಬಿಚ್ಚದ ಯೂರಿಯಾ ಚೀಲ ತರಿಸಿ ತೂಗುಹಾಕಿದೆವು. ಮುಳ್ಳು 45ರ ಹತ್ತಿರ ನಿಂತಿತು. ಶುರುವಾಯಿತು ನೋಡಿ ಗಲಾಟೆ! "ಗೊಬ್ಬರದ ಚೀಲ ಐವತ್ತಲ್ವಾ? ಐದು ಕೆಜಿ ಎಲ್ಲಿ?" ನನ್ನ ಬೆವರಿಳಿಯಿತು. ಕೊನೆಗೆ ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಚೀಲದ ಮೇಲಿದ್ದದ್ದನ್ನು ಜೋರಾಗಿ ಓದಿದಳು: 45 ಕೆಜಿ. ಯೂರಿಯಾ ಚೀಲ 2018ರಲ್ಲೇ ಐವತ್ತರಿಂದ ನಲವತ್ತೈದಕ್ಕೆ ಇಳಿದಿತ್ತು. ಅವಳು ಓದಿದ್ದಕ್ಕೆ ನಂಬಿದರು. ನಾನೇ ಓದಿದ್ದರೆ ನಂಬುತ್ತಿರಲಿಲ್ಲ ಅನ್ನುವುದು ಖಾತ್ರಿ.

ಆಮೇಲೆ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಪುಸ್ತಕ ಕೊಟ್ಟೆ. ನನ್ನ ಬುಕ್ಕಿನ ತೂಕವೇ ಅದರಲ್ಲೂ ಇರಬೇಕು. ಮೂರನೇ ಶನಿವಾರದ ಬಟವಾಡೆಯಲ್ಲಿ ನಾನೇ ಸಿಕ್ಕಿಬಿದ್ದೆ. ಅದೇ ಅಕ್ಕನ ಪುಸ್ತಕದಲ್ಲಿ 47, ನನ್ನದರಲ್ಲಿ 41. ನನ್ನ ಕೈಬರಹದ ಏಳು ಒಂದರಂತೆ ಕಾಣುತ್ತದೆ, ಕೂಡುವಾಗ ಹಾಗೇ ಹಿಡಿದಿದ್ದೆ. ಹಳೇ ನಾನಾಗಿದ್ದರೆ ವಾದ ಮಾಡುತ್ತಿದ್ದೆ. "ತಪ್ಪು ನಂದೇ ಅಕ್ಕ" ಅಂತ ಎಲ್ಲರ ಎದುರೇ ಹೇಳಿ ಆರು ಕೆಜಿಯ ದುಡ್ಡು ಕೊಟ್ಟೆ. ಅಕ್ಕ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಒಂದು ಮಾತೂ ಆಡಲಿಲ್ಲ.

ಇಷ್ಟಾದ ಮೇಲೆ ನನಗೆ ಜಂಬ ಬಂತು. ಜನರನ್ನು ಹುರಿದುಂಬಿಸೋಣ ಅಂತ, ವಾರದಲ್ಲಿ ಜಾಸ್ತಿ ಕೆಜಿ ಕೊಯ್ದವರಿಗೆ ಕುಕ್ಕರ್ ಬಹುಮಾನ ಅಂತ ಸಾರಿದೆ. ನಾನು ಮಾಡಿದ ದೊಡ್ಡ ದಡ್ಡತನ ಅದು. ಎರಡೇ ದಿನದಲ್ಲಿ ಚೀಲದ ತುಂಬ ಹಸಿರುಕಾಯಿ. ರೆಂಬೆ ಎಳೆದು ಸವರಿ ಕೊಯ್ಯುತ್ತಿದ್ದರು, ಮುಂದಿನ ವರ್ಷ ಹೂ ಬಿಡಬೇಕಾದ ರೆಂಬೆಗಳೇ ಮುರಿದಿದ್ದವು. ಗಂಡ ಕೊಯ್ದದ್ದು ಹೆಂಡತಿಯ ಚೀಲಕ್ಕೆ, ಅದಕ್ಕೊಂದು ಜಗಳ. ಇಳಿಜಾರಿನ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡ ವಯಸ್ಸಾದವರು ಬಹುಮಾನದ ಆಸೆಯನ್ನೇ ಬಿಟ್ಟರು. ಶನಿವಾರ ಕುಕ್ಕರ್ ಕೊಟ್ಟೆ, ಮಾತು ಕೊಟ್ಟಾಗಿತ್ತಲ್ಲ. ಮತ್ತೆ ಅದರ ಹೆಸರೆತ್ತಲಿಲ್ಲ.

ಹಸಿರುಕಾಯಿ ಕಡಿಮೆ ಮಾಡಿಸಿದ್ದು ಬಹುಮಾನವಲ್ಲ, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್. ಒಂದು ಸಂಜೆ ತೂಕ ಮುಗಿದ ಮೇಲೆ ಎಲ್ಲರನ್ನೂ ಪಲ್ಪರ್ ಮನೆಗೆ ಕರೆದುಕೊಂಡು ಹೋದೆ. ಹದಿನೈದು ವರ್ಷದಿಂದ ಹಣ್ಣು ಕೊಯ್ಯುತ್ತಿದ್ದವರೂ ಅದರ ಒಳಗೆ ಕಾಲಿಟ್ಟಿರಲಿಲ್ಲ! ಕೆಂಪು ಹಣ್ಣು ಹಾಕಿದರೆ ಸಿಪ್ಪೆ ಒಂದು ಕಡೆ, ಲೋಳೆ ಹತ್ತಿದ ಬೀಜ ಇನ್ನೊಂದು ಕಡೆ. ಹಸಿರುಕಾಯಿ ಹಾಕಿದರೆ ಸಿಪ್ಪೆ ಬಿಡುವುದಿಲ್ಲ, ಬೀಜ ನಜ್ಜಾಗುತ್ತದೆ. "ಇಷ್ಟು ದಿನ ಬೈತಿದ್ದದ್ದು ಇದಕ್ಕಾ?" ಅಂದರು ಒಬ್ಬರು. ಬೈಯುವ ಬದಲು ಯಾರೂ ತೋರಿಸಿರಲಿಲ್ಲ. ಅವತ್ತಿನಿಂದ ಹಸಿರುಕಾಯಿ ಪೂರ್ತಿ ನಿಂತಿತು ಅಂತಲ್ಲ, ಆದರೆ ಒಬ್ಬರ ಚೀಲ ನೋಡಿ ಇನ್ನೊಬ್ಬರೇ ರೇಗಿಸತೊಡಗಿದರು.

ಕೊನೆಯದು ನೆಲದ ಹಣ್ಣು ಹೆಕ್ಕುವ ಕೆಲಸ. ಯಾರಿಗೂ ಬೇಡದ್ದು. ಬಿಟ್ಟರೆ ಉದುರಿದ ಹಣ್ಣಿನಲ್ಲೇ ಕಾಯಿಕೊರಕ ಹುಳ ಉಳಿದು ಮುಂದಿನ ಬೆಳೆಗೆ ಹತ್ತುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೆಕ್ಕಿ ಹೆಕ್ಕಿ ಅನ್ನುವುದು ಅದಕ್ಕೇ. ಆದರೆ ದಿನವಿಡೀ ಬಗ್ಗಿದರೂ ನಾಲ್ಕಾರು ಕೆಜಿ ಸಿಗುವ ಕೆಲಸಕ್ಕೆ ಕೆಜಿ ಲೆಕ್ಕ ಹಾಕಿದರೆ ಯಾರು ಬಗ್ಗುತ್ತಾರೆ? ಅದಕ್ಕೆ ದಿನಗೂಲಿ ಮಾಡಿಸಿದೆ. ಸಾಹುಕಾರ್ರನ್ನು ಒಪ್ಪಿಸಲು ಈ ಸಲ ಅಷ್ಟು ಕಷ್ಟವಾಗಲಿಲ್ಲ. ಆ ವರ್ಷ ಕೊಯ್ಲಿನ ನಡುವೆ ಬಿಟ್ಟು ಹೋದವರು ಮೂರೇ ಜನ.

ಜನರ ಹತ್ತಿರ ಕೆಲಸ ಮಾಡಿಸುವ ಮೇಸ್ತ್ರಿ ಮಾತ್ರ ಇವತ್ತಿಗೂ ನನ್ನ ಜೊತೆ ಸರಿಯಾಗಿಲ್ಲ. ಕಾಟಾ ತಿರುಗಿದಾಗ ಅವನಿಗೂ ಎಲ್ಲೋ ನಷ್ಟವಾಗಿರಬೇಕು. ಕೇಳಲು ಹೋಗಿಲ್ಲ.

ಈ ಸಲ ಅಸ್ಸಾಮಿನಿಂದ ಹೊಸ ಗುಂಪು ಬಂದಿದೆ. ನನ್ನ ಹಿಂದಿ ನನಗೇ ಅರ್ಥವಾಗುವುದಿಲ್ಲ. ಮೊದಲ ಸಂಜೆ ಆ ಅಕ್ಕನೇ ಅವರ ಗುಂಪಿನ ಹುಡುಗನನ್ನು ಕಾಟಾದ ಎದುರು ನಿಲ್ಲಿಸಿ ಮುಳ್ಳು ತೋರಿಸಿದರು, ಅಚ್ಚ ಕನ್ನಡದಲ್ಲಿ ಏನೇನೋ ವಿವರಿಸಿದರು. ಅವನು ತಲೆಯಾಡಿಸಿದ. ಆದರೂ ದಿನಾ ಪ್ರತಿ ಚೀಲಕ್ಕೂ ಮೊಬೈಲಿನಲ್ಲಿ ಕಾಟಾದ ಫೋಟೋ ತೆಗೆಯುತ್ತಾನೆ. ಬೆಳಕು ಸಾಲದಿದ್ದರೆ ನಾನೇ ಟಾರ್ಚ್ ಹಿಡಿಯುತ್ತೇನೆ.